ಲಕ್ಷ್ಮಕ್ಕ ಬೈದದ್ದು ಯಾರನ್ನು

ಹಂದನಕೆರೆಯ ಪುಷ್ಪಲತಾಳಿಗೆ ಆ ಬೆಳಗ್ಗೆ ಹಬ್ಬವೋ ಹಬ್ಬ. ಹಿಂದಿನ ದಿನ ಹಾಕಿದ್ದ ರೀಲನ್ನು ಬೆಳಗಾಗುವುದರೊಳಗೆ ಲಕ್ಷಗಟ್ಟಲೆ ಜನ ನೋಡಿಬಿಟ್ಟಿದ್ದರು. ಕೊಬ್ಬರಿ ಚಟ್ನಿ, ತೋಟದ ಎಳನೀರು, ಕರುವಿನ ಕುಣಿತ ಅಂತ ವರ್ಷಗಟ್ಟಲೆ ಏನೇನೋ ಹಾಕಿದರೂ ಮೂಸಿ ನೋಡದಿದ್ದ ಜಗತ್ತು ಈಗ ಅವಳ ಬಾಗಿಲಿಗೆ ಬಂದು ನಿಂತಿತ್ತು. ಒಲೆಯ ಮೇಲಿನ ಹಾಲಿನ ಗೊಡವೆ ಯಾರಿಗೆ ಬೇಕು?

"ಹಾಲು ಉಕ್ತೈತೆ ಕಣೇ!" ಎಂದು ಗಂಡ ರಂಗನಾಥ್ ಹಿತ್ತಲಿನಿಂದ ಕೂಗಿದ.

"ಉಕ್ಲಿ ಬುಡ್ರಿ, ಒಳ್ಳೇದೇ ಅಲ್ವಾ," ಎಂದಳು ಫೋನಿನಿಂದ ಕಣ್ಣು ತೆಗೆಯದೆ.

ರೀಲಿನಲ್ಲಿದ್ದವಳು ಪಕ್ಕದ ತೋಟದ ಲಕ್ಷ್ಮಕ್ಕ. ಪುಷ್ಪಲತಾಳ ಮನೆಯ ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಗಳನ್ನು ಇಳಿಸಿ, ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೆಲಸಕ್ಕೆ ಮುಯ್ಯಾಳಾಗಿ ಬಂದಿದ್ದಳು. ಇವತ್ತು ನಿಮ್ಮನೆಗೆ ನಾವು, ನಾಳೆ ನಮ್ಮನೆಗೆ ನೀವು, ಕೂಲಿಯ ಮಾತಿಲ್ಲ. ಹಾಗೆ ಹೆಂಗಸರು ಸೇರಿದ ಕಡೆ ಬಾಯಿಗೆ ಬೀಗ ಇರುತ್ತದೆಯೇ? ಅತ್ತೆ, ನಾದಿನಿ, ಇರುವ ಗಂಡ, ಸತ್ತ ಗಂಡ, ಎಲ್ಲರಿಗೂ ಅಲ್ಲಿ ಮಂಗಳಾರತಿ ಆಗಲೇಬೇಕು. ಹೊತ್ತು ಮುಳುಗಿ, ಎದ್ದು ಸೆರಗು ಕೊಡವಿಕೊಂಡರೆ ಮುಗಿಯಿತು. ಆಡಿದ್ದನ್ನು ಯಾರೂ ಮನೆಗೆ ಹೊತ್ತುಕೊಂಡು ಹೋಗುವುದಿಲ್ಲ. ಅದು ಅಲ್ಲಿನ ಕಟ್ಟಳೆ.

ಆವತ್ತು ಲಕ್ಷ್ಮಕ್ಕ ಮಚ್ಚು ಎತ್ತಿಕೊಂಡೇ ತೀರಿಹೋದ ಗಂಡನ ಮೇಲೆ ಶುರುಮಾಡಿದ್ದಳು. "ಅವನಿಗೇನ್ರವ್ವ, ಆರಾಮಾಗಿ ಹೋಗಿ ಮಲಿಕ್ಕಂಡ. ಬದುಕಿದ್ದಾಗ್ಲೂ ಒಂದ್ ಕಾಯಿ ಒಡೆದೋನಲ್ಲ ಹಾಳಾದೋನು. ಹೋಗ್ತಾ ನನ್ ಕೈಗೆ ಚಿಪ್ಪು ಕೊಟ್ಟು ಹೋದ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಅಡಗುವ ಹೊತ್ತಿಗೆ ಲಕ್ಷ್ಮಕ್ಕನ ಕೈಗೆ ಒಂದಿಷ್ಟೂ ಸೀಳದ ಉಂಡೆ ಕೊಬ್ಬರಿ ಸಿಕ್ಕಿತು. ಅದನ್ನು ಸೆರಗಿನಿಂದ ಒರೆಸಿ, ಮಡಿಲಿಗೆ ಹಾಕಿಕೊಂಡು, "ಇದು ಅವ್ರ ಎಡೆಗೆ ಇರ್ಲಿ ಕಣೇ ಪುಷ್ಪ," ಎಂದಳು. ಹಿರಿಯರ ಹಬ್ಬದಲ್ಲಿ ಗಂಡನ ಎಡೆಗೆ ಪ್ರತಿ ವರ್ಷ ಅವಳು ಆರಿಸಿಕೊಳ್ಳುವುದು ಹೀಗೆಯೇ. ಮಾತು ಮುಗಿಯುವ ಮೊದಲೇ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ವಿಡಿಯೋ ಮಾಡುತ್ತಿದ್ದ ಪುಷ್ಪಲತಾಳ ಫೋನು ಎರಡನ್ನೂ ಹಿಡಿದಿತ್ತು. ಪುಷ್ಪಲತಾ ಬೈಗುಳ ಇಟ್ಟುಕೊಂಡು ಎಡೆಯ ಮಾತನ್ನು ಕತ್ತರಿಸಿ ಹಾಕಿದಳು. ರೀಲಿನಲ್ಲಿ ಅಳು ಬಂದರೆ ಜನ ನೋಡದೆ ಮುಂದಕ್ಕೆ ತಳ್ಳುತ್ತಾರೆ ಅನ್ನುವುದು ಅವಳು ಕಲಿತ ವಿದ್ಯೆ. ಮೇಲೆ "ಗಂಡ ಹೋದ್ರೂ ಬೈಗುಳ ಹೋಗ್ಲಿಲ್ಲ" ಅಂತ ಬರೆದು ನಗುವ ಮುಖಗಳನ್ನೂ ಅಂಟಿಸಿದ್ದಳು. ಬುದ್ಧಿ ನೋಡಿ!

ಜನ ಸುಮ್ಮನೆ ನಕ್ಕು ಹೋಗಿದ್ದರೆ ಹೇಗೋ ಆಗುತ್ತಿತ್ತು. ಕಂಡವರ ಮನೆ ಹೆಂಗಸಿನ ಮೇಲೆ ಕಾಮೆಂಟು ಬರೆಯಲು ಕೂತವರಿಗೆ ಮಾನ ಮರ್ಯಾದೆ ಎಲ್ಲಿಯದು? ಹಾಲಿನ ಡೈರಿಯ ಮುಂದೆ ಲಕ್ಷ್ಮಕ್ಕ ಕ್ಯಾನು ಹಿಡಿದು ನಿಂತಿದ್ದಾಗ ಯಾವನೋ ಒಂದನ್ನು ಗಟ್ಟಿಯಾಗಿ ಓದಿ ಹೇಳಿದ: "ಈ ಬಾಯಿಗೆ ಹೆದರಿಯೇ ಗಂಡ ಸತ್ತಿರಬೇಕು." ಲಕ್ಷ್ಮಕ್ಕ ಹಾಲು ಹಾಕದೆ ಹಿಂದಿರುಗಿದಳು.

ಮಾರನೆಯ ದಿನ ಲಕ್ಷ್ಮಕ್ಕನ ಮನೆಯ ಕೊಬ್ಬರಿ. ಡೈರಿಯ ಮುಂದೆ ನಡೆದದ್ದು ಗೊತ್ತಿಲ್ಲದ ಪುಷ್ಪಲತಾ ಮುಯ್ಯಿ ತೀರಿಸಲು ಮಚ್ಚು ಹಿಡಿದು ಹೋದಳು. ಲಕ್ಷ್ಮಕ್ಕ ತಡಿಕೆ ಬಾಗಿಲು ತೆಗೆಯಲಿಲ್ಲ.

"ಕೂಲಿ ಆಳಿಗೆ ಹೇಳ್ಬುಟ್ಟಿವ್ನಿ. ನಿನ್ ಮುಯ್ಯಿ ತೀರ್ತು, ಹೋಗವ್ವ."

"ಯಾಕಕ್ಕ, ಏನಾಯ್ತು?"

"ನಾನು ಕೊಂದ್ನಂತೆ ಕಣೇ ಅವ್ರನ್ನ. ನಿನ್ ಫೋನಲ್ಲಿ ಬರ್ದವ್ರಂತಲ್ಲ, ಓದ್ಕೊ."

ಮುಯ್ಯಿ ಬೇಡ ಎಂದರೆ ಆ ಕಡೆ ಸಂಬಂಧವೇ ಬೇಡ ಎಂದ ಹಾಗೆ. ಪುಷ್ಪಲತಾ ಅಲ್ಲೇ ಬದುವಿನ ಮೇಲೆ ಕೂತು ಆ ಕಾಮೆಂಟುಗಳನ್ನು ಓದಿದಳು. ತಾಯಿಯಿಲ್ಲದೆ ಈ ಊರಿಗೆ ಸೊಸೆಯಾಗಿ ಬಂದವಳು ಅವಳು. ಅವಳ ಬಾಣಂತನ ಮಾಡಿದ್ದು ಲಕ್ಷ್ಮಕ್ಕ. ಎಣ್ಣೆ ಹಚ್ಚಿ ನೀರು ಹಾಕಿ, ಕೂಸಿಗೆ ಸಾಂಬ್ರಾಣಿ ಹೊಗೆ ಹಾಕಿ, "ನಾನಿಲ್ವೇನೇ ಮೂದೇವಿ, ಅಳ್ತೀಯಾಕೆ?" ಎಂದು ಬೈದೇ ಸಾಕಿದ್ದ ಜೀವ. ಆ ಬೈಗುಳದ ಒಳಗೇನಿದೆ ಅಂತ ಊರಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳೇ ಅದನ್ನು ಬೀದಿಗೆ ಹಾಕಿದ್ದಳು.

ಮನೆಗೆ ಬಂದವಳೇ ರೀಲು ಅಳಿಸಿದಳು. ಏನು ಪ್ರಯೋಜನ? ಅಷ್ಟರಲ್ಲಿ ಯಾರ್ಯಾರೋ ಎತ್ತಿಕೊಂಡು ತಂತಮ್ಮ ಪೇಜುಗಳಿಗೆ ಹಾಕಿಕೊಂಡಿದ್ದರು.

"ಕ್ಷಮೆ ಕೇಳಿ ಒಂದು ವಿಡಿಯೋ ಹಾಕ್ಲೇನ್ರಿ?" ಎಂದು ಗಂಡನನ್ನು ಕೇಳಿದಳು.

ರಂಗನಾಥ್ ಮಾತು ಕಮ್ಮಿಯ ಮನುಷ್ಯ. "ಸಂತೇಲಿ ಮಾನ ಕಳ್ದು ಸಂತೇಲೇ ಕಾಲಿಗೆ ಬಿದ್ರೆ, ಜನ ಅದನ್ನೂ ನಿಂತ್ಕೊಂಡು ನೋಡ್ತಾರೆ ಅಷ್ಟೇ," ಎಂದ.

ಆ ಮಾತು ನಾಟಿತು. ಪುಷ್ಪಲತಾ ಫೋನಿನಿಂದ ಆ ಆಪನ್ನೇ ಕಿತ್ತುಹಾಕಿದಳು. ಒಂದೆರಡು ದಿನ ಕೈ ತಾನಾಗಿ ಫೋನಿನ ಕಡೆಗೆ ಹೋಗಿ, ಅಲ್ಲೇನೂ ಇಲ್ಲವೆಂದು ಹಿಂದಿರುಗುತ್ತಿತ್ತು. ಆಮೇಲೆ, ತಿಪಟೂರಿನ ಕಾಲೇಜಿನಲ್ಲಿ ಓದುವಾಗ ತಾನು ಶುರುಮಾಡಿದ್ದ ಬ್ಲಾಗು ನೆನಪಾಯಿತು. ಗೆಳತಿಯರು ಬಿಟ್ಟರೆ ಬೇರೆ ಯಾರೂ ಓದದಿದ್ದ ಬ್ಲಾಗು. ರೀಲ್ಸು ಬಂದ ಮೇಲೆ ಅವಳೇ ಮರೆತಿದ್ದಳು. ತೆಗೆದು ನೋಡಿದರೆ ಪಾಪ, ಬಿಟ್ಟಲ್ಲೇ ಇತ್ತು.

ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಕೂತು ಬರೆದಳು. ಕತ್ತರಿಸಿದ್ದನ್ನು ಸೇರಿಸಿ ಬರೆದಳು. ಬಾಣಂತನ ಬರೆದಳು. ಯಾರನ್ನೂ ನಗಿಸುವ ಅವಸರ ಇಲ್ಲದೆ ಬರೆಯುವಾಗ ಎಷ್ಟು ನೆನಪಾಗುತ್ತದೆ! ಗಂಡ ಹೋದ ಮೇಲೂ ಲಕ್ಷ್ಮಕ್ಕ ಚಹಾಕ್ಕೆ ಎರಡು ಲೋಟ ಇಡುತ್ತಿದ್ದದ್ದು, ಇಟ್ಟಮೇಲೆ ತನ್ನನ್ನೇ ಬೈದುಕೊಂಡು ಒಂದನ್ನು ಒಳಗೆ ಒಯ್ಯುತ್ತಿದ್ದದ್ದು, ಎಲ್ಲ. ಆದರೆ ಬ್ಲಾಗಿಗೆ ಹಾಕುವ ಗುಂಡಿ ಒತ್ತಲು ಧೈರ್ಯ ಬರಲಿಲ್ಲ. ಒಮ್ಮೆ ಕೇಳದೆ ಹಾಕಿ ಆದದ್ದು ಸಾಲದೆ?

ಒಂದು ದಿನ ಫೋನು ಹಿಡಿದು ಅವಳ ಮನೆಗೇ ಹೋದಾಗ ಲಕ್ಷ್ಮಕ್ಕ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

"ಅಕ್ಕ, ನಾನು ಮಾಡಿದ್ದು ತಪ್ಪು. ನಿನ್ನ ವಿಚಾರ ಪೂರ್ತಿ ಬರ್ದಿದೀನಿ, ಇನ್ನೂ ಎಲ್ಲೂ ಹಾಕಿಲ್ಲ. ನೀನು ಕೇಳಿ ಬೇಡ ಅಂದ್ರೆ ಇಲ್ಲೇ ಅಳಿಸ್ತೀನಿ."

ಮೊರ ಆಡುತ್ತಲೇ ಇತ್ತು. ಪುಷ್ಪಲತಾ ಮೆಟ್ಟಿಲ ಮೇಲೆ ಕೂತು ಓದತೊಡಗಿದಳು. ಚಿಪ್ಪಿನ ಮಾತು ಬಂದಾಗ ಲಕ್ಷ್ಮಕ್ಕನ ತುಟಿ ಸ್ವಲ್ಪ ಅಲುಗಿತು. ಲೋಟದ ಮಾತು ಬಂದಾಗ ಮೊರ ನಿಂತಿತು. ಕೊನೆಯಲ್ಲಿ, ಲಕ್ಷ್ಮಕ್ಕನ ಗಂಡನಿಗೆ ಕೊಬ್ಬರಿ ಜೊತೆ ಬೆಲ್ಲ ಇರಲೇಬೇಕಿತ್ತು ಎಂದು ಓದುತ್ತಿದ್ದಂತೆ ಲಕ್ಷ್ಮಕ್ಕ ತಡೆದಳು.

"ಬೆಲ್ಲ ಅಲ್ಲ ಕಣೇ, ಹುರಿಗಡ್ಲೆ. ಗೊತ್ತಿಲ್ದಿದ್ರೆ ಕೇಳ್ಬೇಕು."

"ತಿದ್ತೀನಕ್ಕ."

"ಲಕ್ಷ್ಮಕ್ಕನ ಗಂಡ, ಲಕ್ಷ್ಮಕ್ಕನ ಗಂಡ ಅಂತ ಎಷ್ಟ್ ಸಲ ಅಂತೀಯ? ಅವ್ರಿಗೊಂದ್ ಹೆಸ್ರಿರ್ಲಿಲ್ವಾ?"

ಪುಷ್ಪಲತಾ ತಡವರಿಸಿದಳು. "ನೀನೇ ಆ ಹೆಸರು ಹೇಳಲ್ವಲ್ಲಕ್ಕ, ಅದಕ್ಕೇ..."

ನಿಜ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯಸ್ಸು ಕಮ್ಮಿ ಎಂದು ನಂಬಿದ್ದವಳು. ಮದುವೆಯಲ್ಲಿ ಸೋದರತ್ತೆಯರು ಬಾಗಿಲು ಅಡ್ಡಗಟ್ಟಿ ಪೀಡಿಸಿದರೂ ಬಾಯಿ ಬಿಟ್ಟವಳಲ್ಲ. ರೇಷನ್ ಕಾರ್ಡಿನವರು ಕೇಳಿದರೆ ಪಕ್ಕದಲ್ಲಿ ನಿಂತವರನ್ನು ತಿವಿದು ಹೇಳಿಸುತ್ತಿದ್ದಳು. ಅವನು ಹೋದ ಮೇಲೂ ಆ ಹೆಸರು ಅವಳ ನಾಲಿಗೆಗೆ ಬಂದಿರಲಿಲ್ಲ.

"ಇದ್ದಷ್ಟು ದಿನ ಕಾಯ್ದೆ ಬುಡು," ಎಂದಳು ಲಕ್ಷ್ಮಕ್ಕ. "ಇನ್ ಯಾವ ಆಯಸ್ಸು ಕಾಯ್ಲಿ?" ಮೊರವನ್ನು ಪಕ್ಕಕ್ಕಿಟ್ಟು ಅಂಗಳದ ಕಡೆ ತಿರುಗಿದಳು. ಆಮೇಲೆ ಹೊಸದಾಗಿ ಮಾತು ಕಲಿಯುವವಳ ಹಾಗೆ, ಮೆಲ್ಲಗೆ, "ತಿಪ್ಪಯ್ಯ," ಎಂದಳು. ಎಂದ ಕೂಡಲೇ ಕೆನ್ನೆ ಕೆಂಪಾಗಿ, ಸೆರಗು ಬಾಯಿಗಡ್ಡ ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. "ತಿಪ್ಪಯ್ಯ ಅಂತ ಬರಿ ಕಣೇ. ಬರ್ದಾದ್ ಮೇಲೆ ಹಾಕು."

ಪುಷ್ಪಲತಾಳಿಗೆ ಅಕ್ಷರಗಳು ಕಾಣಿಸಲಿಲ್ಲ. ಇಷ್ಟು ವರ್ಷ ಬಾಯೊಳಗೆ ಕಾಪಾಡಿಕೊಂಡಿದ್ದ ಹೆಸರನ್ನು ಮೊದಲು ಕೇಳಿಸಿಕೊಳ್ಳಲು ಈ ಹೆಂಗಸು ತನ್ನನ್ನು, ತಪ್ಪು ಮಾಡಿದ ತನ್ನನ್ನೇ, ಎದುರಿಗೆ ಕೂರಿಸಿಕೊಂಡಳಲ್ಲ! ಈ ಋಣ ತೀರಿಸುವುದು ತನ್ನಿಂದ ಆಗದು ಎಂದುಕೊಂಡಳು. ತೀರದೇ ಇರಲಿ ಎಂದೂ ಅನ್ನಿಸಿತು. ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಆ ಹೆಸರು ಬರೆದಳು.

"ಈಗ ಮೊದ್ಲಿಂದ ಓದು," ಎಂದಳು ಲಕ್ಷ್ಮಕ್ಕ, ಹತ್ತಿರ ಸರಿದು ಕೂತು. "ಅವ್ರ ಹೆಸ್ರು ಬಂದ್ ಕಡೆ ವಸಿ ಜೋರಾಗಿ ಓದು."