ಎಮ್ಮೆಗಳು ಕೆರೆಗಿಳಿದ ದಿನ

ಕಮಠಾಣದಲ್ಲಿ ನನ್ನ ಅತ್ತೆ ಗುರಮ್ಮನ ಬಾಯಿಗೆ ಹೆದರದವರಿರಲಿಲ್ಲ, ಒಬ್ಬ ಕಲಾಯಿ ನಜಮೋದ್ದೀನನನ್ನು ಬಿಟ್ಟು. ಕಲಾಯಿ ಹಾಕಿಕೊಡುತ್ತೇನೆಂದು ಅತ್ತೆಯ ತಾಮ್ರದ ಹಂಡೆ ಒಯ್ದು ಯಾವ ಕಾಲವಾಗಿತ್ತೋ. ಕೇಳಿದಾಗೆಲ್ಲ "ನಾಳಿ ಹಾಕ್ತೇನಿ ಅಮ್ಮಾ" ಅನ್ನುತ್ತಿದ್ದ. ಅತ್ತೆ ಅವನ ಜನ್ಮ ಜಾಲಾಡುತ್ತಿದ್ದಳು.

ಪೊಲೀಸ್ ಆಕ್ಷನ್ನಿನ ವಾರ ಆ ಬಾಯಿಯೂ ಬಂದ್ ಆಯಿತು. ನಿಜಾಮನನ್ನು ಇಳಿಸಲು ಬೀದರಕ್ಕೆ ಭಾರತದ ಮಿಲಿಟರಿ ಬಂತೆಂದು ಊರೇ ಬಾಗಿಲು ಹಾಕಿಕೊಂಡಿತು. ದಿನವೂ ಕೆರೆಗೆ ಬೀಳುತ್ತಿದ್ದ ಎಮ್ಮೆಗಳು ಕೊಟ್ಟಿಗೆಯಲ್ಲೇ ಉಳಿದವು. ಮೋಡ ಕವಿದು ಕೂತಿತ್ತು, ಎಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ.

ನಿಜಾಮನ ರಾಜ್ಯ ಹೋಯಿತೆಂದು ತಿಳಿದ ಮೇಲೆ ಜನ ಹೊರಬಿದ್ದರು. ನೋಡಿದರೆ ಕೆರೆಯಲ್ಲಿ ಮೀನು ಸತ್ತು ತೇಲುತ್ತಿವೆ. ಉಳಿದವು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ.

"ನಜಮ್ಯಾ ವಿಷ ಹಾಕ್ಯಾನ್ರಿ!" ಎಂದ ಮೇಲಿನ ಓಣಿಯ ಹಾವಗೆಪ್ಪ.

ನಜಮೋದ್ದೀನ ಕೆರೆ ದಂಡೆಯಲ್ಲೇ ಪಾತ್ರೆ ತೊಳೆಯುವವ. ಅವನ ಚೀಲದಲ್ಲಿ ಕಲಾಯಿಗೆ ಬೇಕಾದ ನವಸಾಗರದ ಬಿಳಿ ಪುಡಿ ಇತ್ತು. ಅಷ್ಟೇ ಸಾಕಾಯಿತು. ಎಮ್ಮೆ ಕಟ್ಟುವ ಹಗ್ಗದಿಂದ ಅವನ ಕೈ ಬಿಗಿದು ಏರಿಯ ಮೇಲೆ ಕೂರಿಸಿದರು. ಬಡಿಗೆಗಳು ಬಂದವು. ರಜಾಕಾರರ ಮೇಲಿನ ಸಿಟ್ಟನ್ನು ಜನ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಬಡಿಗೆ ಬಂದರೆ ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ನನ್ನತ್ತ ತಿರುಗಿದಳು. "ಎಮ್ಮಿ ಹೊಡಕೊಂಡ್ ಬಾ. ಓಣ್ಯಾಗಿನವೂ ಬಿಚ್ಚು." ಆಮೇಲೆ ಹಾವಗೆಪ್ಪನ ಎದುರಿಗೇ ನಿಂತಳು. "ವಿಷ ಇದ್ರ ಮೊದಲ ನನ್ನ ಎಮ್ಮಿ ಸಾಯ್ಲಿ. ಅಲ್ಲೀತನಕ ಅವನ ಮೈ ಮುಟ್ಟಬ್ಯಾಡ್ರಿ."

ಎಮ್ಮೆಗಳು ನೀರು ಕಂಡದ್ದೇ ನನ್ನನ್ನು ಕೆಡವಿ ಓಡಿದವು. ಹೊಟ್ಟೆತುಂಬ ಕುಡಿದವು, ಹೊರಳಿದವು, ಗುದ್ದಾಡಿದವು. ಅಲೆಗಳು ಏರಿಗೆ ಬಂದು ಬಡಿದವು. ಎಮ್ಮೆ ಯಾವಾಗ ಸಾಯುತ್ತವೋ ಎಂದು ನಾವು ಕಾಯುತ್ತಿದ್ದರೆ, ಅವುಗಳ ಸುತ್ತಲಿನ ಮೀನು ಬಾಯಿ ಮುಚ್ಚಿಕೊಂಡು ಒಳಗಿಳಿದವು! ಅಷ್ಟರಲ್ಲಿ ಗಾಳಿಯೂ ಎದ್ದಿತು. ಕೆರೆಯ ಉದ್ದಕ್ಕೂ ಅಲೆ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ನೀರ ಮೇಲೆ ಒಂದು ಮೀನೂ ಒದ್ದಾಡುತ್ತಿರಲಿಲ್ಲ.

ಗಾಳಿ ಬೀಸಿ ಅಲೆ ಎದ್ದರೆ ನೀರಿನೊಳಗೆ ಮೀನಿಗೆ ಬೇಕಾದ ಉಸಿರು ಇಳಿಯುತ್ತದೆ, ಸಮುದ್ರಕ್ಕೂ ಅದೇ ಗತಿ ಎಂದು ಎಷ್ಟೋ ವರ್ಷದ ಮೇಲೆ ಮೊಮ್ಮಗಳ ಪಾಠದಿಂದ ತಿಳಿದೆ. ಆ ವಾರ ಗಾಳಿಯೂ ಇಲ್ಲದೆ, ಎಮ್ಮೆಯೂ ಇಳಿಯದೆ ಮೀನು ಉಸಿರುಕಟ್ಟಿ ಸತ್ತಿದ್ದವು. ಅತ್ತೆಗೆ ಅದೇನೂ ಗೊತ್ತಿರಲಿಲ್ಲ. ನಜಮೋದ್ದೀನ ಎಂಥವನೆಂದು ಗೊತ್ತಿತ್ತು.

ಹಗ್ಗ ಬಿಚ್ಚಿದವನು ಹಾವಗೆಪ್ಪನೇ. ಅದನ್ನೇ ಹಿಡಿದು ತನ್ನ ಎಮ್ಮೆಯನ್ನೂ ಕೆರೆಗಿಳಿಸಲು ತರಲೆಂದು ತಲೆ ತಗ್ಗಿಸಿ ಹೋದ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

"ನನ್ನ ಹಂಡಿಗಿ ಕಲಾಯಿ ಯಾವಾಗ ಹಾಕ್ತಿ?" ಅತ್ತೆ ಗದರಿದಳು.

ನಜಮೋದ್ದೀನ ಕಣ್ಣೊರೆಸಿಕೊಂಡ. "ನಾಳಿ ಹಾಕ್ತೇನಿ ಅಮ್ಮಾ."

ಆ ಮಾತಿಗೆ ಅತ್ತೆ ಅವನನ್ನು ಬೈಯದಿದ್ದುದು ಅದೊಂದೇ ಸಲ.