ತೂತಿಲ್ಲದ ಬ್ರೆಡ್

ಸುಶ್ಮಿತಾ ಮೇಡಮ್ ಮನೆಗೆ ಬ್ರೆಡ್ ಮಾಡುವ ಮಶಿನ್ ಬಂದಾಗ ಫ್ಯಾಕ್ಟರಿಗೆ ಹೊಸ ಭಟ್ಟಿ ಬಂದಷ್ಟು ಗದ್ದಲವಾಯಿತು. ಸೇಡಂ ದಾಟಿ ಚಿತ್ತಾಪುರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಸಿಮೆಂಟ್ ಕಾಲೋನಿ. ಇಲ್ಲಿ ಯಾರ ಮನೆಯ ಸೋಫಾ ಎಷ್ಟು ಮೆತ್ತಗಿದೆ ಅನ್ನುವುದು ಅವರ ಗಂಡನ ಗ್ರೇಡಿನ ಮೇಲೆ ತೀರ್ಮಾನವಾಗುತ್ತದೆ. ಸುಶ್ಮಿತಾ ಮೇಡಮ್ ಯಜಮಾನರು ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು. ನನ್ನ ಗಂಡ ಅಮರನಾಥ ಅವರ ಕೈಕೆಳಗಿನ ಇಂಜಿನಿಯರ್. ಹೀಗಾಗಿ ಆಕೆಯ ಸೋಫಾ ಭಾಳ ಮೆತ್ತಗಿತ್ತು, ಆಕೆಯ ಚಹಾ ಭಾಳ ರುಚಿಯಾಗಿತ್ತು, ಆಕೆಯ ಮಗಳು ಹಾರ್ಮೋನಿಯಂ ಮೇಲೆ ಕೈಯಿಟ್ಟರೆ ಹೆಂಗಸರೆಲ್ಲ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು.

ಮಶಿನ್ ಬಂದ ವಾರದಲ್ಲೇ ಮಹಿಳಾ ಮಂಡಳದವರನ್ನೆಲ್ಲ ಚಹಾಕ್ಕೆ ಕರೆದಳು. ಊಟದ ಮೇಜಿನ ನಡುವೆ, ಕ್ರೋಶಾ ಹಾಕಿದ ಮುಚ್ಚಿಗೆಯ ಕೆಳಗೆ, ಮದುವೆ ಹುಡುಗಿಯ ಹಾಗೆ ಮಶಿನ್ ಕುಳಿತಿತ್ತು. ನಾನು ಮುಚ್ಚಿಗೆ ಎತ್ತಿ ನೋಡಲು ಹೋದೆ.

"ಮುಟ್ಟಬ್ಯಾಡ್ರಿ ಪ್ರೀತಿ, ಸೆಟ್ಟಿಂಗ್ ಕೆಡ್ತದ" ಅಂದಳು.

ಆಮೇಲೆ ಬ್ರೆಡ್ ಬಂತು. ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ತುಂಡು ತುಂಡಿನಲ್ಲೂ ಬದಾಮಿ, ಗೋಡಂಬಿ, ಒಣದ್ರಾಕ್ಷಿ ಎಲ್ಲ ಇಡಿಯಾಗಿ, ಜಾಗ ನೋಡಿ ಕೂಡಿಸಿದ ಹಾಗೆ ಕುಳಿತಿದ್ದವು.

"ಸೂತ್ರ ಏನಪ ಅಂದ್ರ, ಡ್ರೈಫ್ರೂಟ್ಸ್ ಮೊದಲೇ ಹಾಕಬೇಕು" ಎಂದು ಆಕೆ ಬೆರಳೆತ್ತಿ ಹೇಳಿದಳು. "ಹಿಟ್ಟು, ನೀರು, ಈಸ್ಟ್ ಹಾಕೋ ಹೊತ್ತಿಗೇ ಎಲ್ಲಾ ಸುರಿದುಬಿಡ್ರಿ. ಕೈ ತುಂಬ ಹಾಕ್ರಿ, ಜಿಪುಣತನ ಮಾಡಬ್ಯಾಡ್ರಿ. ಬಟನ್ ಒತ್ತಿ ಮರೆತುಬಿಡ್ರಿ."

ಮಂಡಳದ ಹೆಂಗಸರು ಮೊಬೈಲಿನಲ್ಲಿ ಬರೆದುಕೊಂಡರು. ನನ್ನ ಪಕ್ಕದ ಮನೆಯ ಶಗುಫ್ತಾ, ಪ್ಯಾಕಿಂಗ್ ವಿಭಾಗದ ಇಮ್ರಾನನ ಹೆಂಡತಿ, ಅವಳೂ ಬರೆದುಕೊಂಡಳು. ನಾನೂ ಬರೆದುಕೊಂಡೆ. ಮುಂದೆ ಒಂದೊಂದೇ ಮನೆಗೆ ಮಶಿನ್ನಿನ ಪಾರ್ಸೆಲ್ ಬರತೊಡಗಿದವು. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದು ಬೆಳೆದ ಮಂದಿ, ಬ್ರೆಡ್ ಇಲ್ಲದೆ ಇಷ್ಟು ವರ್ಷ ಹೇಗೆ ಬದುಕಿದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನಮ್ಮ ಮನೆಗೂ ಒಂದು ಬಂತು. ನಾನು ಬೇಡವೆಂದಿದ್ದೆ. ಅಮರನಾಥ ಕೇಳಲಿಲ್ಲ.

"ಸಾಹೇಬರ ಮನ್ಯಾಗ ಅದ, ನಮ್ಮ ಮನ್ಯಾಗ ಇಲ್ಲ ಅಂದ್ರ ಹ್ಯಾಂಗ ಕಾಣಸ್ತದ?"

"ಸಾಹೇಬರ ಮನ್ಯಾಗ ಸಾಹೇಬರೂ ಅದಾರ. ಅವರನ್ನೂ ತರಸ್ರಿ" ಅಂದೆ. ಅವರು ನಗಲಿಲ್ಲ. ಸಾಹೇಬರ ವಿಷಯದಲ್ಲಿ ನನ್ನ ಗಂಡನಿಗೆ ನಗು ಬರುವುದಿಲ್ಲ.

ಸೂತ್ರದ ಪ್ರಕಾರ ಎಲ್ಲ ಸುರಿದೆ. ಮಶಿನ್ ಗರಗರ ತಿರುಗಿತು. ಒಳಗೆ ಬದಾಮಿಗಳು ಡಬ್ಬಿಯ ಗೋಡೆಗೆ ಬಡಿದು ಕಟಕಟ ಸದ್ದು ಮಾಡಿದವು. ಮುಚ್ಚಳ ತೆಗೆದಾಗ ಒಳಗಿದ್ದದ್ದು ಬ್ರೆಡ್ ಅಲ್ಲ, ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲು. ದ್ರಾಕ್ಷಿಯೆಲ್ಲ ಅರೆದು ಹಿಟ್ಟಿನಲ್ಲಿ ಬೆರೆತು ಬಣ್ಣ ಬೂದಿಗಟ್ಟಿತ್ತು. ಉಬ್ಬುವುದಿರಲಿ, ಗಟ್ಟಿ ಹಿಟ್ಟು ತಳ ಬಿಟ್ಟು ಮೇಲೆ ಎದ್ದಿರಲಿಲ್ಲ. ಅಮರನಾಥ ಅದನ್ನೂ ಚಹಾದಲ್ಲಿ ಅದ್ದಿ ತಿಂದು, "ಮೇಡಮ್ ಮಾಡಿದಂಗೇ ಅದ" ಎಂದು ತಮ್ಮ ಕಡೆಯಿಂದ ಸರ್ಟಿಫಿಕೇಟ್ ಕೊಟ್ಟರು.

ಮರುದಿನ ಸುಶ್ಮಿತಾ ಸಿಕ್ಕಾಗ ಕೇಳಿದೆ. "ಯಾಕೋ ನನ್ನ ಬ್ರೆಡ್ ಏಳವಲ್ದರಿ ಮೇಡಮ್."

ಆಕೆ ನನ್ನ ಎರಡೂ ಕೈಗಳನ್ನು ಹಿಡಿದು, ತಿರುಗಿಸಿ ನೋಡಿ, "ಎಲ್ಲರ ಕೈಗೂ ಬರೂದಿಲ್ಲರಿ ಇದು" ಅಂದಳು. ಅಲ್ಲಿದ್ದವರೆಲ್ಲ ನನ್ನ ಕೈ ನೋಡಿದರು. ನಾನು ಸನ್ನತಿ ಹಳ್ಳಿಯ ಒಕ್ಕಲು ಮನೆಯವಳು. ಆ ಕೈಗಳಲ್ಲಿ ನೂರಾರು ಮಂದಿಗೆ ರೊಟ್ಟಿ ಬಡಿದಿದ್ದೇನೆ. ಆದರೆ ಆ ಮಾತಿಗೆ ಅಲ್ಲಿ ಬೆಲೆ ಇರಲಿಲ್ಲ.

ಶಗುಫ್ತಾಳ ಮನೆಯಲ್ಲೂ ಫರಸಿಯೇ ಆಗಿತ್ತು. ನಾವಿಬ್ಬರೂ ಕೂಡಿ ಮಶಿನ್ನಿನ ಜೊತೆ ಬಂದ ಪುಸ್ತಕ ತೆಗೆದೆವು. ಕಾಲೋನಿಯಲ್ಲಿ ಅದುವರೆಗೆ ಯಾರೂ ಅದನ್ನು ತೆರೆದಂತಿರಲಿಲ್ಲ, ಏಕೆಂದರೆ ಮೇಡಮ್ ಬಾಯಿಂದ ಬಂದದ್ದರ ಮುಂದೆ ಕಂಪನಿಯವರು ಬರೆದದ್ದಕ್ಕೇನು ಕಿಮ್ಮತ್ತು. ಅದರಲ್ಲಿ ಸ್ಪಷ್ಟವಾಗಿತ್ತು. ಒಣಹಣ್ಣು, ಬೀಜ ಯಾವುದೂ ಮೊದಲು ಹಾಕಬಾರದು. ಹಿಟ್ಟು ಎರಡನೇ ಸಲ ನಾದುವಾಗ ಮಶಿನ್ ಪೀಂ ಪೀಂ ಎಂದು ಕೂಗುತ್ತದೆ, ಆಗ ಹಾಕಬೇಕು. ಅದಕ್ಕೆ ಮೊದಲು ಹಾಕಿದರೆ ಒಳಗಿನ ಅಲಗು ಎಲ್ಲವನ್ನೂ ಅರೆದುಬಿಡುತ್ತದೆ.

"ಆವತ್ತು ಕೂಗಿದ್ದು ಅದಕ್ಕೇನು?" ಅಂದಳು ಶಗುಫ್ತಾ. "ಕೆಟ್ಟದ ಅಂತ ನಾ ಪ್ಲಗ್ ಕಿತ್ತು ಮತ್ತ ಹಾಕಿದ್ದೆ."

ಅಲ್ಲಿಂದ ನಮಗೆ ಅದೊಂದು ಆಟವಾಯಿತು. ನೆನೆಸಿದ ದ್ರಾಕ್ಷಿಯನ್ನು ಹಾಗೇ ಹಾಕಿದರೆ ಬ್ರೆಡ್ ಒಳಗೆ ಹಸಿಯಾಗಿ ಕುಸಿಯಿತು. ಬಟ್ಟೆಯಲ್ಲಿ ಒರೆಸಿ, ಒಣ ಹಿಟ್ಟಿನಲ್ಲಿ ಹೊರಳಿಸಿ ಹಾಕಿದರೆ ತಳಕ್ಕೆ ಇಳಿಯದೆ ನಿಂತವು. ಬದಾಮಿಯನ್ನು ಹಂಚಿನ ಮೇಲೆ ಸ್ವಲ್ಪ ಹುರಿದು, ಒಡೆದು ಹಾಕಿದರೆ ಮೆತ್ತಗಾಗಲಿಲ್ಲ, ಡಬ್ಬಿಯೂ ಗೀಚಲಿಲ್ಲ. ಖರ್ಜೂರ ಒಂದಕ್ಕೊಂದು ಅಂಟಿ ಉಂಡೆ ಕಟ್ಟುತ್ತದೆ, ಅದನ್ನು ಸಣ್ಣಗೆ ಹೆಚ್ಚಬೇಕು. ಆಸೆಬುರುಕತನ ಮಾಡಿ ಹೆಚ್ಚು ತುಂಬಿದರೆ ಬ್ರೆಡ್ ಏಳುವುದೇ ಇಲ್ಲ, ಒಂದು ಹಿಡಿ ಸಾಕು. ಈದಿನ ಸುರಕುಂಬಾ ಪಾಯಸಕ್ಕೆಂದು ತಂದಿಟ್ಟ ಒಣಹಣ್ಣನ್ನೆಲ್ಲ ಶಗುಫ್ತಾ ಇದಕ್ಕೇ ಖಾಲಿ ಮಾಡಿದಳು. ಪ್ರತಿ ಬ್ರೆಡ್ಡಿನ ತಳದಲ್ಲಿ ಒಂದು ತೂತು ಇರುತ್ತಿತ್ತು. ನಾದುವ ಅಲಗು ಅಲ್ಲೇ ನಿಂತಿರುತ್ತದೆ, ಬ್ರೆಡ್ ಅದರ ಸುತ್ತಲೇ ಬೇಯುತ್ತದೆ, ಎತ್ತಿದಾಗ ಜಾಗ ಉಳಿಯುತ್ತದೆ. ಮೊದಲ ಸಲ ಕಂಡು ಗಾಬರಿಯಾಗಿ ಪುಸ್ತಕ ನೋಡಿದೆವು. ಅದರಲ್ಲೂ ಹಾಗೇ ಬರೆದಿತ್ತು.

ಅಷ್ಟರಲ್ಲಿ ಮಂಡಳದ ಅಧ್ಯಕ್ಷೆ, ಯುನಿಟ್ ಹೆಡ್ ಸಾಹೇಬರ ಹೆಂಡತಿ, ಬ್ರೆಡ್ ಸ್ಪರ್ಧೆ ಇಟ್ಟರು. ಮಶಿನ್ನಿನಲ್ಲೇ ಮಾಡಿರಬೇಕು, ಒಣಹಣ್ಣು ಇರಲೇಬೇಕು. ತೀರ್ಪು ಕೊಡುವವಳು ಸುಶ್ಮಿತಾ. ಸ್ಪರ್ಧೆಗೆ ಬ್ರೆಡ್ ಇಟ್ಟವಳೂ ಸುಶ್ಮಿತಾ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಕ್ಲಬ್ಬಿನ ಉದ್ದ ಮೇಜಿನ ಮೇಲೆ ಬ್ರೆಡ್ಡುಗಳು ಸಾಲಾಗಿ ಕುಳಿತವು. ಸುಶ್ಮಿತಾ ಒಂದೊಂದನ್ನೂ ಮೂಸಿ, ಮೇಲಿಂದ ಬೆರಳಿನಿಂದ ತಟ್ಟಿ, ಡಾಕ್ಟರರ ಹಾಗೆ ಹುಬ್ಬು ಗಂಟಿಕ್ಕುತ್ತ ಬಂದಳು. ಮೇಲಿನ ಗ್ರೇಡಿನವರ ಬ್ರೆಡ್ಡಿಗೆ ಮುಗುಳ್ನಗೆ, ಕೆಳಗಿನವರದಕ್ಕೆ ನಿಟ್ಟುಸಿರು. ನನ್ನದರ ಮುಂದೆ ನಿಂತಳು. ಅದು ಚೆನ್ನಾಗಿ ಎದ್ದಿತ್ತು, ಮೇಲಿನ ಸಿಪ್ಪೆ ಕೆಂಪಗಿತ್ತು, ಬದಾಮಿಯ ಚೂರುಗಳು ಅಲ್ಲಲ್ಲಿ ಇಣುಕುತ್ತಿದ್ದವು. ಮೇಲೆ ತಪ್ಪು ಸಿಗದೆ ಆಕೆ ಅದನ್ನು ಬೋರಲು ಹಾಕಿದಳು.

"ಇದೇನ್ರಿ ಪ್ರೀತಿ, ಕೆಳಗ ತೂತು ಬಿದ್ದದ?" ಎಲ್ಲರಿಗೂ ಕೇಳುವಂತೆ ಅಂದಳು. "ಇಲಿ ತಿಂದದೇನು?"

ಸಭೆ ನಕ್ಕಿತು. ಅವರ ಬ್ರೆಡ್ಡುಗಳಿಗೂ ಅಂಥದೇ ತೂತಿತ್ತು. ಆದರೂ ನಕ್ಕರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ತೂತು ಯಾಕೆ ಬೀಳುತ್ತದೆ ಅನ್ನುವುದು ಈಕೆಗೆ ಗೊತ್ತಿಲ್ಲ. ಅಂದರೆ ಈಕೆ ಒಂದು ದಿನವೂ ಆ ಮಶಿನ್ನಿನಿಂದ ಬ್ರೆಡ್ ಎತ್ತಿದವಳಲ್ಲ.

ನಾನು ಪಕ್ಕದ ಬ್ರೆಡ್ ಎತ್ತಿ ಬೋರಲು ಹಾಕಿದೆ. ತೂತು. ಅದರ ಪಕ್ಕದ್ದು ಹಾಕಿದೆ. ತೂತು. ಶಗುಫ್ತಾಳದ್ದು ಹಾಕಿದೆ. ಹೀಗೆ ಸಾಲು ಮುಗಿಸಿ ಕೊನೆಗೆ, ಹೂವಿನ ನಡುವೆ ಬೆಳ್ಳಿ ತಟ್ಟೆಯಲ್ಲಿದ್ದ ಸುಶ್ಮಿತಾಳ ಬ್ರೆಡ್ ತಿರುಗಿಸಿದೆ. ತಳ ನುಣ್ಣಗಿತ್ತು. ಬೇಕರಿಯ ತಗಡಿನ ಅಚ್ಚಿನ ಗೆರೆ ಕೂಡ ಎದ್ದು ಕಾಣುತ್ತಿತ್ತು.

"ಮಶಿನ್ ಬ್ರೆಡ್ಡಿಗೆ ತೂತು ಬೀಳಲೇಬೇಕರಿ ಮೇಡಮ್" ಅಂದೆ. "ನಿಮ್ಮದಕ್ಕ ಯಾಕ ಬಿದ್ದಿಲ್ಲ?"

ಸುಶ್ಮಿತಾಳ ಮುಖದ ಪೌಡರಿನ ಕೆಳಗೆ ಬಣ್ಣ ಬದಲಾಯಿತು. ಅಲ್ಲಿದ್ದ ಪ್ರತಿಯೊಬ್ಬಳಿಗೂ ತಿಳಿಯಿತು. ಅದು ನನಗೆ ಅವರ ಕಣ್ಣಲ್ಲೇ ಕಂಡಿತು. ಅಧ್ಯಕ್ಷೆ ಗಂಟಲು ಸರಿಮಾಡಿಕೊಂಡರು.

"ಅವರದು ಮೇಲಿನ ಮಾಡೆಲ್ ಇರಬೇಕು. ಒಳ್ಳೆ ಮಶಿನ್ನಿಗೆ ತೂತು ಬೀಳೂದಿಲ್ಲ."

"ಹೌದ್ರಿ, ಹೌದ್ರಿ" ಎಂದು ಒಬ್ಬಳು ಅಂದಳು. "ನಾನೂ ಅದೇ ಅನ್ಕೊಂಡೆ" ಎಂದು ಇನ್ನೊಬ್ಬಳು. ಮೂರನೆಯವಳು ತನ್ನ ಬ್ರೆಡ್ಡನ್ನು ನಾಚಿಕೆಯಿಂದ ಮತ್ತೆ ನೆಟ್ಟಗೆ ನಿಲ್ಲಿಸಿದಳು, ತಪ್ಪು ಅದರದೇ ಅನ್ನುವ ಹಾಗೆ. ಮೊದಲ ಬಹುಮಾನ ಸುಶ್ಮಿತಾಳಿಗೆ ಬಂತು. ಅದನ್ನು ಆಕೆಯೇ ಘೋಷಿಸಿ ಆಕೆಯೇ ಸ್ವೀಕರಿಸಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಶಗುಫ್ತಾಳೂ ಹೊಡೆದಳು. ನನ್ನ ಎದೆಗೆ ಚುಚ್ಚಿದ್ದು ಅದೊಂದೇ ಸದ್ದು.

ಸಂಜೆ ಅಮರನಾಥನಿಗೆ ಸುದ್ದಿ ಮುಟ್ಟಿತ್ತು.

"ಸಾಹೇಬರು ಇವತ್ತು ನನ್ನ ಮುಖ ನೋಡಲಿಲ್ಲ" ಅಂದರು. "ತೂತು ಅದ, ಇಲ್ಲ, ನಿನಗ್ಯಾಕ ಬೇಕಿತ್ತು?"

"ನನ್ನ ಬ್ರೆಡ್ಡಿಗೆ ಇಲಿ ತಿಂದದ ಅಂದ್ಳು."

"ಅನ್ಲಿ. ಅಂದ್ರ ಇಲಿ ಬರ್ತದೇನು?"

ಅವರ ಮುಂದೆ ತಟ್ಟೆಯಲ್ಲಿ ಅದೇ ಬ್ರೆಡ್ಡಿನ ತುಂಡುಗಳಿದ್ದವು. ಒಂದೂ ಬಿಡದೆ ತಿಂದರು. ಬ್ರೆಡ್ ಹೇಗಿದೆ ಅನ್ನಲಿಲ್ಲ. ಸಾಹೇಬರು ಇನ್ನೂ ಏನೂ ಅಂದಿರಲಿಲ್ಲವಲ್ಲ.

ಶಗುಫ್ತಾಳ ಜೊತೆ ನಾನು ಮಾತು ಬಿಟ್ಟೆ. ಬಾಲ್ಕನಿಯಲ್ಲಿ ಬಟ್ಟೆ ಹಾಕುವಾಗ ಆಕೆ ಬಂದರೆ ಒಳಗೆ ಹೋಗುತ್ತಿದ್ದೆ. ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಶಗುಫ್ತಾ ಇರಬೇಕೆಂದು ತೆಗೆದರೆ ಸುಶ್ಮಿತಾ ನಿಂತಿದ್ದಳು. ಮೊದಲ ಸಲ ನಮ್ಮ ಮನೆಗೆ ಬಂದದ್ದು.

"ನಿಮ್ಮ ಮಶಿನ್ ಸರಿ ನಡೀಲಿಕತ್ತದೋ ಇಲ್ಲೋ ನೋಡೋಣ ಅಂತ ಬಂದೆ" ಅಂದಳು.

ನಾನು ಮೊದಲೇ ಕೇಳಿದ್ದೆ. ಬರುವ ಸಭೆಯಲ್ಲಿ ಸುಶ್ಮಿತಾ ಎಲ್ಲರೆದುರು ಬ್ರೆಡ್ ಮಾಡಿ ತೋರಿಸುತ್ತಾಳೆ, ಅದರ ವೀಡಿಯೊ ಮಾಡಿಸುತ್ತೇನೆ ಎಂದು ಅಧ್ಯಕ್ಷೆ ಸಾರಿದ್ದರು. ಹೊಗಳಿಕೆಯ ಭರದಲ್ಲಿ ಪಾಪ, ಆಕೆಯ ಕೊರಳಿಗೇ ಹಗ್ಗ ಹಾಕಿದ್ದರು.

"ಬರ್ರಿ, ಕುಂದ್ರಿ" ಅಂದೆ.

ಆಕೆ ಕೂರಲಿಲ್ಲ, ನೇರ ಅಡುಗೆಮನೆಗೆ ಬಂದಳು. ಕಲಿಸು ಎಂದು ಒಂದು ಮಾತು ಕೇಳಿದ್ದರೆ ನನ್ನ ಸಿಟ್ಟು ಅಲ್ಲೇ ಇಳಿಯುತ್ತಿತ್ತು. ಕೇಳಲಿಲ್ಲ. ಸೆರಗು ಹಿಡಿದು ನಿಂತು, ನಾನು ಅಲಗು ಸಿಕ್ಕಿಸುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಹಿಟ್ಟಿನ ಮೇಲೆ ಕುಳಿ ಮಾಡಿ ಈಸ್ಟ್ ಇಟ್ಟದ್ದು ನೋಡಿದಳು. ಮಶಿನ್ ಪೀಂ ಪೀಂ ಎಂದಾಗ ಬೆಚ್ಚಿಬಿದ್ದಳು. ನಾನು ಬಟ್ಟೆಯಲ್ಲಿ ಒರೆಸಿ ಹಿಟ್ಟಿನಲ್ಲಿ ಹೊರಳಿಸಿದ ದ್ರಾಕ್ಷಿ, ಹುರಿದ ಬದಾಮಿ ಹಾಕಿದೆ. ಆಕೆಯ ತುಟಿಗಳು ಅಲುಗುತ್ತಿದ್ದವು, ಶಾಲೆಯ ಮಗು ಮಗ್ಗಿ ಒಪ್ಪಿಸುವ ಹಾಗೆ. ಬೇಕೆಂದರೆ ಒಂದು ಸುಳ್ಳು ತೋರಿಸಿ ಆಕೆಯ ಮಾನ ಕಳೆಯಬಹುದಿತ್ತು. ಆದರೆ ಅಷ್ಟು ಶ್ರಮಕ್ಕೆ ಆಕೆ ಯೋಗ್ಯಳೆಂದು ನನಗೆ ಅನ್ನಿಸಲಿಲ್ಲ.

ಬ್ರೆಡ್ ಬೇಯುವ ತನಕ ನಿಂತೇ ಇದ್ದಳು. ಹೋಗುವಾಗ ಹೊಸ್ತಿಲ ಮೇಲೆ ತಿರುಗಿ, "ಭಾಳ ಸುಧಾರಿಸೀರಿ ನೀವು" ಅಂದಳು.

ಪ್ರದರ್ಶನ ಚೆನ್ನಾಗಿಯೇ ಆಯಿತು. ದ್ರಾಕ್ಷಿಯನ್ನು ಬಟ್ಟೆಯಲ್ಲಿ ಒರೆಸಬೇಕು, ಪೀಂ ಪೀಂ ಅಂದಾಗಲೇ ಹಾಕಬೇಕು, ಮೊದಲೇ ಸುರಿಯುವುದು ಮೂರ್ಖರ ಕೆಲಸ ಎಂದು ಕ್ಯಾಮೆರಾದ ಮುಂದೆ ಸುಶ್ಮಿತಾ ಹೇಳಿದಳು. ಆಕೆಯ ಮೊದಲಿನ ಸೂತ್ರ ಬರೆದುಕೊಂಡಿದ್ದ ಹೆಂಗಸರೇ ಮತ್ತೆ ಮೊಬೈಲ್ ತೆಗೆದು ಇದನ್ನೂ ಬರೆದುಕೊಂಡರು. ಮೂರ್ಖರು ಯಾರು ಎಂದು ಯಾರೂ ಕೇಳಲಿಲ್ಲ, ಆ ಬ್ರೆಡ್ಡನ್ನು ಯಾರೂ ಬೋರಲು ಹಾಕಿ ನೋಡಲೂ ಇಲ್ಲ.

ಹೊರಗೆ ಬಂದಾಗ ಶಗುಫ್ತಾ ನನ್ನ ಹಿಂದೆಯೇ ಬಂದಳು.

"ಎಷ್ಟು ದಿನ ಮಾತಾಡದಂಗ ಇರ್ತಿ?" ಅಂದಳು.

"ಚಪ್ಪಾಳಿ ಯಾಕ ಹೊಡದಿ?"

"ಇಮ್ರಾನ್ ಇನ್ನಾ ಕಂತ್ರಾಟಿನ ಮ್ಯಾಲೆ ಅದಾನ. ಪರ್ಮನೆಂಟ್ ಮಾಡೋ ಕಾಗದಕ್ಕ ಸಹಿ ಹಾಕೋರು ಆಕಿ ಗಂಡ. ಅದು ಆಗೋ ತನಕ ಹೊಡೀತೀನಿ, ಇವತ್ತೂ ಹೊಡದೀನಿ. ನಿನಗ ಬೈಬೇಕು ಅನಿಸಿದ್ರ ಬೈ. ಸುಳ್ಳು ಮಾತ್ರ ಹೇಳೂದಿಲ್ಲ."

ಉಳಿದವರು ಚಪ್ಪಾಳೆ ಹೊಡೆದು ಅದನ್ನೇ ನಿಜವೆಂದು ನಂಬಿಕೊಂಡು ಮನೆಗೆ ಹೋಗುತ್ತಿದ್ದರು. ಇವಳು ಹೊಡೆದು, ಹೊಡೆದೆ ಅನ್ನುತ್ತಿದ್ದಾಳೆ. 

"ನಡಿ, ಚಹಾ ಕುಡಸು" ಅಂದೆ.

ಅವಳ ಮನೆಯಲ್ಲಿ ಅತ್ತೆ ಜೈತುನ್ಬೀ ಬಂದಿದ್ದರು, ವಾಡಿಯಿಂದ. ಬೆಳಿಗ್ಗೆ ಶಗುಫ್ತಾ ಖುಬಾನಿ ಎಂಬ ಒಣಹಣ್ಣು ಹಾಕಿ ಮಾಡಿದ ಬ್ರೆಡ್ಡನ್ನು ಕೊಯ್ದು ತಟ್ಟೆಯಲ್ಲಿ ಅವರ ಮುಂದಿಟ್ಟಳು. ನಾವಿಬ್ಬರೂ ಕಲಿತದ್ದರಲ್ಲೇ ಉತ್ತಮವಾದದ್ದು ಅದು, ಹತ್ತಿಯ ಹಾಗೆ ಮೆತ್ತಗೆ. ಮುದುಕಿ ಒಂದು ತುಂಡು ಎತ್ತಿಕೊಂಡು ಬೆಳಕಿಗೆ ಹಿಡಿದರು. ಬೆರಳಿನಿಂದ ಖುಬಾನಿಗಳನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಂಡರು. ಉಳಿದ ಬ್ರೆಡ್ಡನ್ನು ತಟ್ಟೆಗೆ ಹಾಕಿ ನಮ್ಮ ಕಡೆ ತಳ್ಳಿದರು.

"ಹ್ಯಾಂಗದರಿ?" ಎಂದು ಕೇಳಿದೆ.

"ಖುಬಾನಿ ಚಲೋ ಅದ" ಅಂದರು. "ಬ್ರೆಡ್ ದವಾಖಾನ್ಯಾಗ ಮಲಗಿದವರು ತಿನ್ನೋದು ಬೇಟಿ. ನನಗೇನಾಗ್ಯಾದ?"

ಶಗುಫ್ತಾ ತಲೆ ತಗ್ಗಿಸಿ ನಕ್ಕಳು. ನಾನು ಮುದುಕಿಯ ಪಕ್ಕ ಕುಳಿತು, ಖುಬಾನಿ ಇಲ್ಲದ ಆ ತುಂಡನ್ನು ತಿಂದೆ.