ಲೀಟರಿಗೆ ಏಳು ಮೈಲಿ

ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಮುದ್ದಣ್ಣನ ತಗಡಿನ ಶೆಡ್ಡು. ಎದುರಿಗೆ ಬೋಳು ಬೆಟ್ಟ. ಮಧ್ಯಾಹ್ನವಾಯಿತೆಂದರೆ ಆ ಬಂಡೆಯ ಕಾವೆಲ್ಲ ಇವನ ತಗಡಿನ ಮೇಲೇ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿ, ಸೊಂಟ ಸೋತ ಮೇಲೆ ಸ್ಟೀರಿಂಗ್ ಬಿಟ್ಟು ಸ್ಪ್ಯಾನರ್ ಹಿಡಿದಿದ್ದ. ಶಿರಾ, ಕೊರಟಗೆರೆ, ಪಾವಗಡ, ಯಾವ ರಸ್ತೆಯಲ್ಲಿ ಎಲ್ಲಿ ಏರು, ಎಲ್ಲಿ ಇಳಿಜಾರು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನಿಗಿದ್ದ ಜಂಬ ಒಂದೇ. ತನ್ನ ಕೈಯಲ್ಲಿ ಓಡಿದ ಗಾಡಿ ಇನ್ನೊಬ್ಬರ ಕೈಯಲ್ಲಿ ಕುಡಿದಷ್ಟು ಡೀಸೆಲ್ ಕುಡಿಯೋದಿಲ್ಲ ಅನ್ನುವುದು. ಜಂಬ ಅಂದೆ, ಆದರೆ ಸುಳ್ಳು ಅಂತ ಯಾರೂ ಅನ್ನುವ ಹಾಗಿರಲಿಲ್ಲ.

ಅಂಥವನ ಶೆಡ್ಡಿಗೆ ಡಾಕ್ಟರ್ ಸರಸಮ್ಮನ ಕಾರು ಬಂತು. ಸರಸಮ್ಮನಿಗೆ ನಲವತ್ತರ ಹತ್ತಿರ. ಮಗುವಾಗಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ. ಇಂಗ್ಲೆಂಡಿಗೆ ಓದಲು ಹೋದಾಕೆ ವಾಪಸು ಬರುವಾಗ ಹಡಗಿನಲ್ಲಿ ಒಂದು ಪುಟ್ಟ ಕಾರನ್ನೂ ಹಾಕಿಸಿಕೊಂಡು ಬಂದಿದ್ದಳು. ಮುದ್ದಣ್ಣ ಬಗ್ಗಿ ನೋಡಿದರೆ ಕಾಲಡಿ ಎರಡೇ ಪೆಡಲ್ಲು. ಕ್ಲಚ್ಚು ಎಲ್ಲಿ ಅಂತ ಕೇಳಿದ್ದಕ್ಕೆ, ಅದಿಲ್ಲದ್ದಕ್ಕೇ ಇದನ್ನು ತಂದದ್ದು, ಗೇರು ತಾನಾಗಿ ಬೀಳುತ್ತೆ ಅಂದಳು. ಬಲಗಾಲೊಂದರಲ್ಲೇ ಓಡಿಸಿ ತೋರಿಸಿಯೂಬಿಟ್ಟಳು. ಮುದ್ದಣ್ಣ ಮೂಗಿನ ಮೇಲೆ ಬೆರಳಿಟ್ಟುಕೊಂಡ.

ಆ ಕಾರು ಆಕೆಗೆ ಶೋಕಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲೆಲ್ಲ ಬಸ್ಸು ಹತ್ತಬೇಕಾದರೆ ಕಂಡಕ್ಟರ್ ಕಂಕುಳಿಗೆ ಕೈಹಾಕಿ ಎತ್ತಬೇಕಿತ್ತು. ಹಳ್ಳಿಗೆ ಹೋದರೆ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರುತ್ತಿದ್ದರು, ಉತ್ಸವಮೂರ್ತಿಯ ಹಾಗೆ. ಭಕ್ತಿಯಿಂದಲೇ ಹೊರುತ್ತಿದ್ದರು ಪಾಪ. ಆಕೆ ಮಾತ್ರ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು. ಕಾರು ಬಂದ ಮೇಲೆ ತಾನಾಗಿ ಹೋದಳು, ತಾನಾಗಿ ಬಂದಳು. ಪ್ರತಿ ಗುರುವಾರ ಪಾವಗಡಕ್ಕೆ, ಅಲ್ಲಿಂದ ಮುಂದೆ ನಿಡುಗಲ್ಲಿಗೆ. ನಿಡುಗಲ್ಲಿನಲ್ಲಿ ಮುದ್ದಣ್ಣನ ಅಕ್ಕ ಚಿಕ್ಕಕ್ಕ ಸೂಲಗಿತ್ತಿ. ತನ್ನ ಕೈ ಮೀರಿದ ಬಸುರಿಯರನ್ನೆಲ್ಲ ಅವತ್ತು ಜಗಲಿಯ ಮೇಲೆ ಕೂರಿಸಿಕೊಂಡು ದಾರಿ ನೋಡುತ್ತಿದ್ದಳು.

ಅಷ್ಟರಲ್ಲಿ ಎಲ್ಲೋ ಅರಬ್ಬರ ದೇಶದಲ್ಲಿ ಯುದ್ಧವಾಯಿತು, ಇಲ್ಲಿ ಪೆಟ್ರೋಲು ಬೆಂಕಿಯಾಯಿತು. ಬೆಲೆಯ ಮಾತು ಬಿಡಿ, ಸಿಕ್ಕುವುದೇ ಕಷ್ಟ. ಮಧುಗಿರಿಯ ಬಂಕಿನವನು ಒಂದು ಗಾಡಿಗೆ ವಾರಕ್ಕೆ ಇಪ್ಪತ್ತು ಲೀಟರಿನ ಮೇಲೆ ಒಂದು ತೊಟ್ಟೂ ಹಾಕೋದಿಲ್ಲ ಅಂತ ಕೂತ. ಪಾವಗಡದ ಕಡೆ ಅದೂ ಇಲ್ಲ. ನಿಡುಗಲ್ಲಿಗೆ ಹೋಗಿಬರಲು ನೂರು ಮೈಲಿ. ಕಾರಿನ ಜೊತೆ ಬಂದಿದ್ದ ಇಂಗ್ಲಿಷ್ ಬುಕ್ಕಿನಲ್ಲಿ ಲೀಟರಿಗೆ ಏಳು ಮೈಲಿ ಓಡುತ್ತೆ ಅಂತ ಇತ್ತು. ಆ ಲೆಕ್ಕದಲ್ಲಿ ಹದಿನೈದೇ ಲೀಟರು ಸಾಕು. ಆದರೂ ಒಂದು ಗುರುವಾರ ಬರುವಾಗ ಊರಿಗೆ ಇನ್ನೂ ಹತ್ತು ಮೈಲಿ ಇದೆ ಅನ್ನುವಲ್ಲಿ ಕಾರು ನಿಂತಿತು. ಯಾರೋ ಪುಣ್ಯಾತ್ಮರು ಆಕೆಯನ್ನು ಹೊತ್ತು ಲಾರಿಗೆ ಹತ್ತಿಸಿ ಕಳಿಸಿದರು. ಬೆಳಿಗ್ಗೆ ಆಕೆ ಕಾರನ್ನು ಎಳೆಸಿಕೊಂಡು ಶೆಡ್ಡಿಗೆ ಬಂದು, ಟ್ಯಾಂಕು ಎಲ್ಲೋ ಸೋರುತ್ತಿರಬೇಕು ನೋಡು ಅಂದಳು.

ಟ್ಯಾಂಕು ಸೋರುತ್ತಿರಲಿಲ್ಲ. ಮುದ್ದಣ್ಣ ತನ್ನ ಹಳೇ ಪದ್ಧತಿಯಲ್ಲಿ ಅಳೆದ. ಟ್ಯಾಂಕಿನ ಕಂಠದವರೆಗೆ ಪೆಟ್ರೋಲು, ಪಾವಗಡಕ್ಕೆ ಹೋಗಿಬರೋದು, ಮತ್ತೆ ಕಂಠದವರೆಗೆ. ಎರಡನೇ ಸಲ ಎಷ್ಟು ಹಿಡಿಯುತ್ತೋ ಅಷ್ಟು ಕುಡಿದಿದೆ ಅಂತ ಅರ್ಥ. ಎಪ್ಪತ್ತು ಮೈಲಿಗೆ ಹದಿನೈದೂವರೆ ಲೀಟರು ಹಿಡಿಯಿತು. ಲೀಟರಿಗೆ ನಾಲ್ಕೂವರೆ. ಮುದ್ದಣ್ಣ ನಕ್ಕುಬಿಟ್ಟ.

"ಇದು ಪುಸ್ತಕದ ಬದನೆಕಾಯಿ ಕಣಮ್ಮ," ಅಂದ. "ಈ ಬುಕ್ಕು ಬರೆದೋನು ಮಿಡಿಗೇಶಿ ರಸ್ತೆ ಕಂಡವ್ನಾ? ಕುರಿ ಮಂದೆ ಅಡ್ಡ ಬಂದಾಗ ಬ್ರೇಕ್ ಹಾಕವ್ನಾ?"

ಮಾತು ನಿಜವೇ. ಅಲ್ಲಿನ ನುಣುಪು ರಸ್ತೆ, ಅಲ್ಲಿನ ತಂಪು ಹವೆ, ಒಬ್ಬನೇ ಸವಾರ. ಇಲ್ಲಿ ಬಿಸಿಲು, ಗುಂಡಿ, ಹಿಂದಿನ ಸೀಟಿನ ತುಂಬ ಔಷಧಿ ಪೆಟ್ಟಿಗೆ. ಮೇಲಾಗಿ ತಾನಾಗಿ ಬೀಳುವ ಗೇರು ಒಂದಿಷ್ಟು ಪೆಟ್ರೋಲನ್ನು ಒಳಗೊಳಗೇ ತಿನ್ನುತ್ತೆ ಅಂತಲೂ ಅವನಿಗೆ ಗುಮಾನಿ. ಕಾರ್ಬುರೇಟರ್ ಬಿಚ್ಚಿ ತೊಳೆದ, ಪ್ಲಗ್ಗು ಬದಲಾಯಿಸಿದ, ಟೈರಿಗೆ ಗಾಳಿ ಹೊಡೆದ. ಏನು ಮಾಡಿದರೂ ಐದಕ್ಕೆ ಮುಟ್ಟಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ಸರಸಮ್ಮ ಪಾವಗಡದವರೆಗೆ ಹೋಗಿ ವಾಪಸಾಗತೊಡಗಿದಳು. ನಿಡುಗಲ್ಲಿನ ಜಗಲಿ ಎರಡು ಗುರುವಾರ ಸುಮ್ಮನೆ ಕಾಯಿತು. ಮೂರನೇ ವಾರ ಚಿಕ್ಕಕ್ಕ ಬಸ್ಸಿನವನ ಕೈಯಲ್ಲಿ ಹೇಳಿಕಳಿಸಿದಳು. ಒಂದು ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿ ಸತ್ತೇ ಹುಟ್ಟಿತಂತೆ, ತಾಯಿ ಹೇಗೋ ಉಳಿದಳಂತೆ, ಡಾಕ್ಟರಮ್ಮ ಇನ್ನು ಬರೋದೇ ಇಲ್ಲವಾ ಅಂತ.

ಆ ಮಾತು ಕೇಳಿದ ಮುದ್ದಣ್ಣ ಸ್ಪ್ಯಾನರ್ ಕೆಳಗಿಟ್ಟ. ಸಂಜೆಯೇ ಡಾಕ್ಟರ ಮನೆಗೆ ಹೋಗಿ ತನ್ನ ಕೊನೆಯ ವಿದ್ಯೆ ಬಿಚ್ಚಿದ. ದಾರಿಯಲ್ಲಿ ಎಂಟು ಇಳಿಜಾರು ಇವೆ, ಹೋಗ್ತಾ ನಾಲ್ಕು, ಬರ್ತಾ ನಾಲ್ಕು. ನೆತ್ತಿಗೆ ಬಂದ ತಕ್ಷಣ ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿಬಿಡಿ, ಗಾಡಿ ತನ್ನ ಭಾರಕ್ಕೆ ತಾನೇ ಉರುಳುತ್ತೆ, ತಗ್ಗಿಗೆ ಬಂದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ ಅಂದ. ಲಾರಿಯವರೆಲ್ಲ ಮಾಡುವ ಕೆಲಸವೇ. ಇಪ್ಪತ್ತೆರಡು ವರ್ಷ ಅವನು ಡೀಸೆಲ್ ಉಳಿಸಿದ ಗುಟ್ಟೇ ಅದು.

ಸರಸಮ್ಮ ಮೇಜಿನ ಮೇಲಿದ್ದ ಬುಕ್ಕನ್ನು ತೆರೆದು, "ಮುದ್ದಣ್ಣ, ಇದರಲ್ಲಿ ಏನೋ…" ಅಂತ ಶುರು ಮಾಡಿದಳು.

"ಆ ಬುಕ್ಕನ್ನ ಕಟ್ಟಿ ಅಟ್ಟಕ್ಕೆ ಹಾಕ್ಬುಡಿ ಅಮ್ಮಾವ್ರೇ. ಏಳು ಮೈಲಿ ಅಂದಿತ್ತಲ್ಲ, ಬಂತಾ?"

ಆಕೆ ಬುಕ್ಕು ಮುಚ್ಚಿದಳು.

ಮುಂದಿನ ಗುರುವಾರ ಲೀಟರಿಗೆ ಆರು ಬಂತು. ನಿಡುಗಲ್ಲಿಗೆ ಹೋಗಿಬಂದ ಮೇಲೂ ಟ್ಯಾಂಕಿನಲ್ಲಿ ಮೂರು ಲೀಟರು ಉಳಿದಿತ್ತು. ಶೆಡ್ಡಿನ ಮುಂದಿನ ರಸ್ತೆಯೂ ಇಳಿಜಾರೇ. ಕಾರು ಸದ್ದಿಲ್ಲದೆ ಉರುಳಿಕೊಂಡು ಬಂದು ಅವನೆದುರು ನಿಂತಿತು. ಮುದ್ದಣ್ಣ ಅವತ್ತು ಹೋಟೆಲಿನಲ್ಲಿ ಸಿಕ್ಕಸಿಕ್ಕವರಿಗೆ ಟೀ ಕುಡಿಸಿ, ವಿಲಾಯತಿ ಗಾಡಿಗೆ ಮಧುಗಿರಿ ಬುದ್ಧಿ ಕಲಿಸಿದೆ ಅಂದುಕೊಂಡು ಓಡಾಡಿದ. ಎಂಟು ತಿಂಗಳು ಹೀಗೇ ನಡೆಯಿತು. ಒಂದು ಗುರುವಾರವೂ ತಪ್ಪಲಿಲ್ಲ. ಚಿಕ್ಕಕ್ಕ ತಮ್ಮನಿಗೆ ಕಡಲೆಕಾಯಿ ಕಳಿಸಿದಳು.

ಒಂಬತ್ತನೇ ತಿಂಗಳು, ಪಾವಗಡ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ, ಕಾರಿನ ಇಂಜಿನ್ ಕೂಗಿತು, ಚಕ್ರ ತಿರುಗಲಿಲ್ಲ. ಎತ್ತು ಕಟ್ಟಿ ಪಾವಗಡಕ್ಕೆ ಎಳೆಸಿ, ಅಲ್ಲಿಂದ ಲಾರಿಯ ಮೇಲೆ ಹೇರಿ ಶೆಡ್ಡಿಗೆ ತಂದರು. ಮುದ್ದಣ್ಣ ಗೇರ್ ಬಾಕ್ಸ್ ಬಿಚ್ಚಿದ. ಒಳಗಿನ ಎಣ್ಣೆ ಮಸಿಯಾಗಿತ್ತು, ತೆಳು ತಟ್ಟೆಗಳು ಸೀದ ರೊಟ್ಟಿಯಂತೆ ಕೈಗೆ ಪುಡಿಯಾಗಿ ಬಂದವು. ಯಾಕೆ ಅಂತ ತಿಳಿಯದೆ, ಸುಟ್ಟ ತಟ್ಟೆಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ತುಮಕೂರಿನ ನಂದೀಶ್ವರಯ್ಯನ ಹತ್ತಿರ ಹೋದ. ಆತ ಒಂದು ಕಾಲದಲ್ಲಿ ಬೆಂಗಳೂರಿನಲ್ಲಿ ವಿದೇಶಿ ಕಾರುಗಳ ರಿಪೇರಿ ಮಾಡಿದ್ದ ಮುದುಕ. ನಂದೀಶ್ವರಯ್ಯ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಒಂದೇ ಪ್ರಶ್ನೆ ಕೇಳಿದ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಉರುಳಿಸುತ್ತಿದ್ದರಾ ಅಂತ.

ಹೌದು ಅಂದ ಮುದ್ದಣ್ಣ. ಮುದುಕ ಬಿಡಿಸಿ ಹೇಳಿದ. ಲಾರಿಯ ಗೇರು ಸದಾ ಎಣ್ಣೆಯಲ್ಲೇ ಮುಳುಗಿಕೊಂಡಿರುತ್ತೆ, ಏನು ಮಾಡಿದರೂ ತಡೆಯುತ್ತೆ. ಈ ಜಾತಿಯದಕ್ಕೆ ಎಣ್ಣೆ ಕುಡಿಸೋದು ಒಂದು ಪಂಪು, ಆ ಪಂಪನ್ನು ತಿರುಗಿಸೋದು ಇಂಜಿನ್ನು. ಇಂಜಿನ್ ನಿಂತರೆ ಗೇರು ಒಣಗಿದ ಬಾಯಲ್ಲೇ ತಿರುಗುತ್ತೆ. ಇದರ ಸಾಮಾನು ಈ ದೇಶದಲ್ಲಿ ಹುಡುಕಬೇಡ, ಸಿಕ್ಕೋದಿಲ್ಲ ಅಂದ.

ಬಸ್ಸಿನಲ್ಲಿ ವಾಪಸು ಬರುತ್ತ ಮುದ್ದಣ್ಣ ನಿಜ ಹೇಳಬೇಕು ಅಂತಲೇ ಇದ್ದ. ಡಾಕ್ಟರ ಮನೆ ಬಾಗಿಲಿಗೆ ಹೋದಾಗ ಬಾಯಿಂದ ಬಂದದ್ದು ಬೇರೆ. ವಿಲಾಯತಿ ಮಾಲು ಅಮ್ಮಾವ್ರೇ, ನಮ್ಮ ರಸ್ತೆಗೆ ಇದರ ಬಾಳಿಕೆ ಇಷ್ಟೇ ಅಂದುಬಿಟ್ಟ. ಆಕೆ ಅವನ ಮುಖವನ್ನೇ ನೋಡಿ, ಹೌದಾ ಅಂದಳು. ಅಷ್ಟೇ. ಆಮೇಲೆ ಯಾರಾದರೂ ಡಾಕ್ಟರ ಕಾರು ಏನಾಯಿತು ಅಂತ ಕೇಳಿದರೆ ಸಾಕು, ಮುದ್ದಣ್ಣನಿಗೆ ಸಿಟ್ಟು ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು.

ಎರಡು ವಾರ ಹೀಗೆ ಕಳೆಯಿತು. ಮೂರನೇ ಗುರುವಾರ ಬೆಳಿಗ್ಗೆ ಪಾವಗಡದ ಬಸ್ಸು ಹೊರಟು ನಿಂತಿತ್ತು. ಸರಸಮ್ಮ ಮೆಟ್ಟಿಲ ಕೆಳಗೆ ನಿಂತಿದ್ದಳು. ಕಂಡಕ್ಟರ್ ಹಿಂದಿನಿಂದ ಕಂಕುಳಿಗೆ ಕೈಹಾಕಿ ಎತ್ತಿದ, ಮೇಲಿನಿಂದ ಇನ್ನೊಬ್ಬ ರಟ್ಟೆ ಹಿಡಿದು ಎಳೆದ. ಸೆರಗು ಜಾರಿತು. ಸರಿಮಾಡಿಕೊಳ್ಳಲು ಆಕೆಗೆ ಕೈ ಬಿಡುವಿರಲಿಲ್ಲ. ಬಸ್ಸಿನೊಳಗಿದ್ದ ಜನ ಅಯ್ಯೋ ಪಾಪ ಅಂದರು. ಮುದ್ದಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಥೂ, ನನ್ನ ಬಾಳಿಗಿಷ್ಟು ಅನ್ನಿಸಿತು. ಅವತ್ತು ಕೆಲಸ ಮುಟ್ಟಲಿಲ್ಲ, ಊಟ ಮಾಡಲಿಲ್ಲ.

ಬಸ್ಸು ವಾಪಸಾದ ಮೇಲೆ ಆಕೆಯ ಮನೆಗೆ ಹೋಗಿ ಹೊಸ್ತಿಲ ಹೊರಗೇ ಕೂತ. ಒಳಗೆ ಬಾ ಅಂದರೂ ಹೋಗಲಿಲ್ಲ.

"ಅಮ್ಮಾವ್ರೇ, ನಿಮ್ ಕಾರು ತಾನಾಗಿ ಕೆಡಲಿಲ್ಲ. ನಾನೇ ಕೆಡಿಸ್ಬುಟ್ಟೆ. ಇಂಜಿನ್ ಆಫ್ ಮಾಡಿ ಅಂದ್ನಲ್ಲ, ಅದರಿಂದಲೇ ಗೇರು ಸುಟ್ಟೋಯ್ತು. ತುಮಕೂರಲ್ಲಿ ಅವತ್ತೇ ಗೊತ್ತಾಯ್ತು. ಹೇಳಕ್ಕೆ ಬಾಯಿ ಬರಲಿಲ್ಲ."

ಸರಸಮ್ಮ ಎದ್ದು ಕೋಲೂರಿಕೊಂಡು ಹೋಗಿ ಬುಕ್ಕು ತಂದಳು. ಒಂದು ಪುಟ ತೆರೆದು ಅವನ ಮುಂದೆ ಹಿಡಿದಳು. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಒಂದು ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದು ಕಂಡಿತು. ಆಕೆ ಕನ್ನಡದಲ್ಲಿ ಓದಿದಳು. ಇಂಜಿನ್ ನಿಲ್ಲಿಸಿ ಗಾಡಿಯನ್ನು ಉರುಳಲು ಬಿಡಬಾರದು, ಗೇರಿಗೆ ಎಣ್ಣೆ ಹೋಗುವುದಿಲ್ಲ.

"ನೀನು ಹೇಳಿದ ದಿನವೇ ಓದಿ ಗೆರೆ ಹಾಕಿದ್ದೆ," ಅಂದಳು. "ಏಳು ಮೈಲಿ ಅಂತ ಸುಳ್ಳು ಹೇಳಿದ ಬುಕ್ಕು, ಇದನ್ನೂ ಸುಳ್ಳೇ ಹೇಳಿರಬೇಕು ಅಂದುಕೊಂಡೆ. ಪೂರ್ತಿ ಹಾಗಂದುಕೊಂಡೆ ಅಂತ ಹೇಳಲಾರೆ. ನನಗೆ ಕಮ್ಮಿ ಬಿದ್ದ ಆ ಹತ್ತು ಮೈಲಿ ಬೇಕಿತ್ತು, ಮುದ್ದಣ್ಣ."

ಮುದ್ದಣ್ಣನ ಕಣ್ಣು ತುಂಬಿತು. ಮತ್ತೆ ನನ್ನನ್ನ ಯಾಕೆ ಬಯ್ಯಲಿಲ್ಲ ಅಂತ ಕೇಳಿದ. ಬಯ್ಯಬೇಕಾದರೆ ಮೊದಲು ನನ್ನನ್ನೇ ಬಯ್ದುಕೊಳ್ಳಬೇಕಿತ್ತು ಅಂದಳು ಆಕೆ. ಎರಡು ವಾರ ನೀನು ಸುಳ್ಳು ಹೇಳಿದ್ದಕ್ಕೆ ಮಾತ್ರ ಬೇಜಾರಾಯಿತು ಅಂತಲೂ ಸೇರಿಸಿದಳು.

ಮರುದಿನದಿಂದ ಮುದ್ದಣ್ಣ ಬೇರೆ ಕೆಲಸ ಹಿಡಿಯಲಿಲ್ಲ. ಶೆಡ್ಡಿಗೆ ರಿಪೇರಿಗೆ ಬರುವ ಸ್ಕೂಟರುಗಳನ್ನೇ ನೋಡುತ್ತ ಕೂತ. ಸ್ಕೂಟರಿಗೂ ಕ್ಲಚ್ಚಿದೆ, ಅದಕ್ಕೆ ಕಾಲು ಬೇಕಿಲ್ಲ. ಕ್ಲಚ್ಚು, ಗೇರು ಎರಡೂ ಒಂದೇ ಎಡಗೈಯಲ್ಲಿ. ಕಾರಿಗೆ ಯಾಕಾಗಬಾರದು? ಶಿರಾದ ಗುಜರಿ ಸಾಬರ ಅಂಗಳದಲ್ಲಿ ಮೂರು ದಿನ ಹುಡುಕಿ ಒಂದು ಹಳೇ ಕಾರಿನ ಸಾದಾ ಗೇರ್ ಬಾಕ್ಸ್ ತಂದ. ಅದನ್ನು ಇಂಜಿನ್ನಿಗೆ ಜೋಡಿಸುವ ತಟ್ಟೆಯನ್ನು ಲೇತಿನಲ್ಲಿ ಎರಡು ಸಲ ಹಾಳುಮಾಡಿ ಮೂರನೇ ಸಲ ಕೂರಿಸಿದ. ಗೇರಿನ ಕಡ್ಡಿಗೇ ಸ್ಕೂಟರಿನ ಹಿಡಿ ಕಟ್ಟಿದ. ಹಿಡಿ ಒತ್ತಿದರೆ ಕ್ಲಚ್ಚು. ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಸಂಜೆ ಹೊತ್ತು ಡಾಕ್ಟರ ಮನೆಗೆ ಹೋಗಿ, ಆ ಬುಕ್ಕನ್ನು ಮೊದಲ ಪುಟದಿಂದ ಓದಿಸಿಕೊಂಡು ಕೇಳಿದ.

ಕಾರು ಸಿದ್ಧವಾದ ಮೊದಲ ಗುರುವಾರ ಆಕೆ ತಾನಾಗಿ ಹತ್ತಿ ಕೂತು, ಹಿಡಿ ಒತ್ತಿ ಗೇರು ಹಾಕಿದಳು. ಕಾರು ಎರಡು ಸಲ ಕುಪ್ಪಳಿಸಿ ಹೊರಟಿತು. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ತಮಾಷೆ ಮಾಡಿದಳು. ಈಗ ನಿನ್ನ ಲಾರಿ ಜಾತಿಯ ಗೇರೇ ಬಂತಲ್ಲ, ಇಳಿಜಾರಲ್ಲಿ ಆಫ್ ಮಾಡಲಾ ಅಂತ.

"ಬ್ಯಾಡ ಕಣಮ್ಮ," ಅಂದ ಮುದ್ದಣ್ಣ. "ಈ ಗೇರಿಗೆ ಬುಕ್ಕಿಲ್ಲ."

ಸಾಯಂಕಾಲ ಬಿಸಿಲು ಬೆಟ್ಟದ ಮೇಲಿರುವಾಗಲೇ ಅವನು ರಸ್ತೆಗೆ ಬಂದು ನಿಂತ. ಅವನ ಕೈಯಲ್ಲಿ ಓಡಿದ ಯಾವ ಗಾಡಿಯೂ ಆ ಇಳಿಜಾರನ್ನು ಸದ್ದು ಮಾಡಿಕೊಂಡು ಇಳಿದದ್ದಿಲ್ಲ. ಕಾರು ನೆತ್ತಿಯ ಮೇಲೆ ಕಾಣಿಸಿತು. ಇಂಜಿನ್ ಸದ್ದು ಒಂದೇ ಸಮನೆ ಕೆಳಗಿಳಿದು ಬಂತು, ಎಲ್ಲೂ ನಿಲ್ಲಲಿಲ್ಲ. ಉರಿಯುತ್ತಿದ್ದ ಪೆಟ್ರೋಲಿನ ಪ್ರತಿ ತೊಟ್ಟೂ ಅವನಿಗೆ ಕೇಳಿಸುತ್ತಿತ್ತು, ಬದುಕಿನಲ್ಲಿ ಮೊದಲ ಸಲ ಅದಕ್ಕೆ ಹೊಟ್ಟೆ ಉರಿಯಲಿಲ್ಲ. ಸರಸಮ್ಮ ಕಾರು ನಿಲ್ಲಿಸಿ, ಯಾರ ಕೈಯನ್ನೂ ಹಿಡಿಯದೆ ಕೆಳಗಿಳಿದು, ಚಿಕ್ಕಕ್ಕ ಕಳಿಸಿದ ಕಡಲೆಕಾಯಿ ಚೀಲವನ್ನು ಅವನಿಗೆ ಕೊಟ್ಟಳು. ಆಮೇಲೆ ಟ್ಯಾಂಕಿಗೆ ಕಂಠದವರೆಗೆ ಹಾಕಿಸಿ ನೋಡಿದರೆ ಲೀಟರಿಗೆ ಐದೂಮುಕ್ಕಾಲು. ಆಕೆ ಬುಕ್ಕಿನಲ್ಲಿ ಏಳು ಅಂತ ಇದ್ದ ಕಡೆ ಗೀಟು ಹಾಕಿ, ಪಕ್ಕದಲ್ಲಿ ಅವನು ಓದಲೆಂದು ಕನ್ನಡದಲ್ಲೇ ಬರೆದಳು: ಮಧುಗಿರಿಯಿಂದ ನಿಡುಗಲ್ಲಿಗೆ, ಇಂಜಿನ್ ನಿಲ್ಲಿಸದೆ, ಐದೂಮುಕ್ಕಾಲು.